ಕಚ್ಚುವ ಕುರ್ಚಿಯ ಅತಿಥಿ

ಕಳೆದ ವಾರ ಕಾರ್ಕಳದ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಾಡಿಗೆಗೆ ತರಿಸಿದ ಕುರ್ಚಿಗಳಲ್ಲಿ ಒಂದು ಹೆಡ್‌ಮಾಸ್ಟರರ ಹೆಬ್ಬೆರಳನ್ನು ಕಚ್ಚಿತು. ಕಬ್ಬಿಣದ ಮಡಚುವ ಕುರ್ಚಿ. ಬಿಡಿಸುವಾಗ ಕಿರ್ರೆನ್ನುತ್ತದೆ, ಯಾರಾದರೂ ಕೂತರೆ ಪಕ್ಕದ ಕೀಲು ಮುಚ್ಚಿಕೊಳ್ಳುತ್ತದೆ, ಬೆರಳು ಅಲ್ಲಿದ್ದರೆ ಬೆರಳಿನ ಸಮೇತ. ಅವರು “ಅಯ್ಯಯ್ಯೋ” ಅಂದದ್ದನ್ನು ನಾನು ಸ್ಟಾಫ್ ರೂಮಿನಲ್ಲಿ ಅದೇ ರಾಗದಲ್ಲಿ ಅಂದು ತೋರಿಸಿದೆ. ಎಲ್ಲರೂ ನಕ್ಕರು. ಹೆಡ್‌ಮಾಸ್ಟರರು ಬಾಗಿಲಲ್ಲೇ ನಿಂತಿದ್ದರು. ಇನ್ನೊಬ್ಬರನ್ನು ಆಡಿ ತೋರಿಸುವ ಕಸುಬಿನಲ್ಲಿ ಇದೆಲ್ಲ ಇದ್ದದ್ದೇ.

ಆಮೇಲೆ ಆ ಕುರ್ಚಿಯನ್ನು ಮಡಚಿ ಮೂಲೆಗೆ ಇಡಲು ಹೋದೆ. ಕೈಗೆ ತುಕ್ಕಿನ ವಾಸನೆ ಹತ್ತಿತು. ಬೆವರು ಬೆರೆತ ಕಬ್ಬಿಣದ ಆ ವಾಸನೆಯ ಹಿಂದೆಯೇ ಒಬ್ಬ ಉದ್ದನೆಯ ಮನುಷ್ಯ ಕತ್ತು ಬಗ್ಗಿಸಿಕೊಂಡು ಬಂದು ನಿಂತ ಹಾಗಾಯಿತು...

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನಮ್ಮ ಮನೆ ಕಾಪುವಿನಿಂದ ಒಳಗೆ, ಇನ್ನಂಜೆಯ ಗದ್ದೆಗಳ ಬದಿಯಲ್ಲಿ. ನಾನು ಉಡುಪಿಯಲ್ಲಿ ಕಾಲೇಜು ಓದುತ್ತಿದ್ದೆ, ಅಂದರೆ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಲೆಕ್ಚರರುಗಳನ್ನು ನೋಡಿಕೊಂಡು ಬಂದು ಸಂಜೆ ಅಂಗಡಿಯ ಜಗಲಿಯಲ್ಲಿ ಅವರನ್ನು ಆಡಿ ತೋರಿಸುತ್ತಿದ್ದೆ. ನಮ್ಮದು ಸಣ್ಣ ಸಭೆ, ಹದಿನೈದಿಪ್ಪತ್ತು ಕ್ರೈಸ್ತ ಮನೆಗಳು, ಒಂದು ಪುಟ್ಟ ಪ್ರಾರ್ಥನಾಲಯ. ಆ ವರ್ಷ ಸ್ಕಾಟ್ಲೆಂಡಿನಿಂದ ಐದಾರು ಮಂದಿ ಕ್ರೈಸ್ತ ವಿದ್ಯಾರ್ಥಿಗಳು ಕೆಲವು ವಾರಗಳ ಸೇವೆಗೆಂದು ಉಡುಪಿಗೆ ಬಂದರು. ಡಾಕ್ಟರಿಕೆ ಓದುವ ಒಬ್ಬಳನ್ನು ಮಣಿಪಾಲಕ್ಕೆ ಕಳಿಸಿದರು. ಉಳಿದವರನ್ನು ಅಲ್ಲಲ್ಲಿ ಹಂಚಿದರು. ನಮ್ಮ ಪಾಲಿಗೆ ಒಬ್ಬರು ಬಂದರು. ಸಂಡೇ ಸ್ಕೂಲಿಗೆ ಮುರಕಲ್ಲಿನ ಒಂದು ಕೋಣೆ ಕಟ್ಟುವುದಿತ್ತು. ಅವರು ಅದರಲ್ಲಿ ಕೈಯಾರೆ ದುಡಿಯಬೇಕು. ಉಳಿಯುವುದು ನಮ್ಮ ಮನೆಯಲ್ಲಿ, ಯಾಕೆಂದರೆ ಸಭೆಯಲ್ಲೇ ಒಳ್ಳೆಯ ಇಂಗ್ಲಿಷು ನನ್ನದು. ಸಭೆಯ ಇಂಗ್ಲಿಷು ಎಷ್ಟಿತ್ತು ಎನ್ನುವುದನ್ನು ಇದರಿಂದಲೇ ತಿಳಿಯಬಹುದು.

ಅವರು ಬಾಗಿಲಲ್ಲಿ ತಲೆ ಬಡಿಸಿಕೊಂಡೇ ಒಳಗೆ ಬಂದರು. ಅಷ್ಟು ಉದ್ದ. ಅಮ್ಮ ಮೊದಲು ಬಾಗಿಲನ್ನು ನೋಡಿದಳು, ಆಮೇಲೆ ಅವರ ಹಣೆಯನ್ನು. ಮತ್ತೆ ನನ್ನನ್ನು ಓಡಿಸಿದಳು, ಕುರ್ಚಿ ತರಲು. ನಮ್ಮಲ್ಲಿ ಇದ್ದದ್ದು ಮಣೆ ಮತ್ತು ಒಂದು ಬೆಂಚು. ಕುರ್ಚಿ ಇದ್ದದ್ದು ಅಂಗಡಿಯ ಬ್ಯಾರಿ ಕಾಕನಲ್ಲಿ. ಊರಿಗೆ ತಹಶೀಲ್ದಾರ ಬಂದರೂ, ಮದುಮಗ ಬಂದರೂ ಆ ಒಂದೇ ಕುರ್ಚಿ.

“ತಕೊಂಡು ಹೋಗು,” ಎಂದರು ಕಾಕ. “ಬೆರಳು ಜಾಗ್ರತೆ ಅಂತ ಹೇಳು. ಅದು ಊರಿನವರನ್ನು ಕಚ್ಚುದಿಲ್ಲ, ಹೊಸಬರನ್ನು ಮಾತ್ರ.”

ಇಂಗ್ಲಿಷಿನಲ್ಲಿ ಅದನ್ನು ಹೇಳುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಅತಿಥಿಗಳು ಕೂತು ಕಚ್ಚಿಸಿಕೊಂಡಾಗಿತ್ತು.

ಮರುದಿನದಿಂದ ಆ ಕುರ್ಚಿ ಅವರನ್ನು ಬಿಡಲಿಲ್ಲ. ಕೆಲಸದ ಜಾಗಕ್ಕೆ ಹೋದರೆ ಯಾರಾದರೂ ಅದನ್ನು ಹೊತ್ತು ಹಿಂದಿನಿಂದ ಬರುತ್ತಿದ್ದರು. ಅವರು ಬಗ್ಗಿ ಒಂದು ಕಲ್ಲೆತ್ತಿದರೆ ಮೇಸ್ತ್ರಿ ಓಡಿ ಬಂದು ಕಿತ್ತುಕೊಂಡು “ಛೆ ಛೆ, ಕೂತುಕೊಳ್ಳಿ” ಅನ್ನುತ್ತಿದ್ದ. ನೀರಿನ ಕೊಡ ಮುಟ್ಟಿದರೆ ಹೆಂಗಸರು ನಾಲಗೆ ಕಚ್ಚುತ್ತಿದ್ದರು. ಅಷ್ಟರಲ್ಲಿ ಒಂದು ಎಳನೀರಿನ ಬೊಂಡ ಕೆತ್ತಿ ಯಾರೋ ಕೈಗೆ ಕೊಟ್ಟಾಗಿರುತ್ತಿತ್ತು. ಎರಡು ಕೈಯಲ್ಲಿ ಬೊಂಡ ಹಿಡಿದವನು ಕಲ್ಲು ಎತ್ತುವುದು ಹೇಗೆ? ಮಾವಿನ ಮರದಡಿ ಕೂತು ಅವರು ನಮ್ಮವರ ದುಡಿಮೆ ನೋಡುತ್ತಿದ್ದರು, ಥೇಟ್ ಕಂಟ್ರಾಕ್ಟರರ ಹಾಗೆ. ಮುಖ ಮಾತ್ರ ಶಿಕ್ಷೆಗೆ ಒಳಗಾದ ಹುಡುಗನದು.

ಅವರು ನನ್ನಲ್ಲಿ ಕೇಳಿ ಕಲಿತ ಮೊದಲ ಕನ್ನಡ ಮಾತು “ಕೊಡಿ, ನನಗೆ ಕೊಡಿ.” ಎರಡೂ ಅಂಗೈ ಮುಂದೆ ಚಾಚಿ, ಕತ್ತು ಬಗ್ಗಿಸಿ, ಕಲ್ಲು ಹೊತ್ತ ಪ್ರತಿಯೊಬ್ಬರ ಮುಂದೆಯೂ ನಿಲ್ಲುತ್ತಿದ್ದರು. ಕತ್ತು ಬಗ್ಗಿಸದಿದ್ದರೆ ಅವರಿಗೆ ನಮ್ಮವರ ಮುಖವೇ ಕಾಣುತ್ತಿರಲಿಲ್ಲ. ಜನ ಆ ಕನ್ನಡಕ್ಕೆ ಮೆಚ್ಚಿ ಇನ್ನೊಂದು ಬೊಂಡ ಕೊಡುತ್ತಿದ್ದರು.

ಒಂದು ದಿನ ಗದ್ದೆಯ ಬದುವಿನಲ್ಲಿ ನಡೆಯುತ್ತಾ ಅವರು ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ಅವರ ಊರಿನ ಸಭೆಯ ಮುದುಕರು, ಮುದುಕಿಯರು ಸೇರಿ ಅವರನ್ನು ಕಳಿಸಿಕೊಟ್ಟಿದ್ದಾರೆ. ಹಿಂದೆ ಹೋದ ಮೇಲೆ ಅವರೆಲ್ಲರ ಎದುರು ನಿಂತು, ಅಲ್ಲಿ ಏನು ಮಾಡಿದೆ ಎಂದು ಹೇಳಬೇಕು. ಅದೇ ವಾಡಿಕೆ. “ನಾನು ಏನಂತ ಹೇಳಲಿ? ಕೂತಿದ್ದೆ ಅಂತಲೋ?” ಎಂದರು. ನಗುತ್ತಲೇ ಕೇಳಿದರು, ಆದರೆ ಆ ನಗು ಬದುವಿನ ಕೊನೆಯವರೆಗೂ ಬರಲಿಲ್ಲ.

ಅವರು ಇನ್ನೊಂದನ್ನೂ ಗಮನಿಸಿದ್ದರು. ನಾನು ಅಂಗಡಿಯ ಜಗಲಿಯಲ್ಲಿ ಕಾಕನನ್ನು, ಮೇಸ್ತ್ರಿಯನ್ನು, ಅಮ್ಮನನ್ನು, ಪ್ರಾರ್ಥನೆಯ ನಡುವೆ ಕೆಮ್ಮುವ ಅಯ್ಯನವರನ್ನು ಆಡಿ ತೋರಿಸುವುದನ್ನು ನೋಡಿದ್ದರು. ಅಯ್ಯನವರು ಅಂದರೆ ನಮ್ಮ ಸಭಾಪಾಲಕರು. ಹುಡುಗಿಯರೆದುರು ನನಗೆ ಬಾಯಿ ಕಟ್ಟುವುದನ್ನೂ ನಾನೇ ಆಡುತ್ತಿದ್ದೆ. ಜಗಲಿಯಲ್ಲಿ ನನ್ನ ಬಾಯಿಗೆ ಬೀಳದೆ ಉಳಿದದ್ದು ಒಬ್ಬರೇ.

“ನನ್ನನ್ನು ಮಾತ್ರ ಯಾಕೆ ಬಿಟ್ಟೆ?”

ಅಯ್ಯನವರ ಅಪ್ಪಣೆ ಎಂದು ನಾನು ಹೇಳಲಿಲ್ಲ. “ಅವರು ಅತಿಥಿಗಳು ಮಾರಾಯ, ಅವರು ಹೋಗುವ ತನಕ ಬಾಯಿಗೆ ಬೀಗ ಉಂಟು ಅಂತ ತಿಳಿದುಕೋ” ಎಂದು ಅಯ್ಯನವರು ಮೊದಲ ದಿನವೇ ನನ್ನನ್ನು ಎಚ್ಚರಿಸಿದ್ದರು. ನೀವು ಅತಿಥಿಗಳಲ್ಲವೇ ಎಂದು ಅಷ್ಟೇ ಅಂದೆ. ಅವರು ತಲೆ ಅಲ್ಲಾಡಿಸಿದರು. ಸಂತೋಷದಿಂದ ಅಲ್ಲ.

ಮೇ ಕೊನೆಯ ಒಂದು ಮಧ್ಯಾಹ್ನ ಅಮ್ಮ ಬೇಯಿಸಿದ ಭತ್ತವನ್ನು ಅಂಗಳದ ತುಂಬ ಚಾಪೆಗಳಲ್ಲಿ ಹರಡಿದ್ದಳು. ವರ್ಷದ ಕುಚ್ಚಲಕ್ಕಿಯ ಬಹುಪಾಲು ಅದರಲ್ಲೇ ಇತ್ತು. ಅತಿಥಿಗಳು ಊಟ ಮಾಡಿ ಜಗಲಿಯಲ್ಲಿ ಅದೇ ಕುರ್ಚಿಯಲ್ಲಿ. ನಾನು ಬಾವಿಕಟ್ಟೆಯಲ್ಲಿ. ಸಮುದ್ರದ ಕಡೆಯಿಂದ ಗಾಳಿ ಎದ್ದಿತು, ಒಂದು ಗಳಿಗೆಯಲ್ಲಿ ಬೆಳಕೇ ಹೋಯಿತು. ದಪ್ಪ ಹನಿಗಳು ಬಿದ್ದವು. ಅಮ್ಮ ಅಡಿಗೆಮನೆಯಿಂದ ಹಾರಿ ಬಂದು ಚಾಪೆಯ ಒಂದು ತುದಿ ಹಿಡಿದಳು. ಇನ್ನೊಂದು ತುದಿಗೆ ಯಾರೂ ಇಲ್ಲ. ಜಗಲಿಯ ಕಡೆ ತಿರುಗಿ ತುಳುವಿನಲ್ಲೇ ಕಿರುಚಿದಳು.

“ಬಲಾ, ಬಾ ಇಲ್ಲಿ! ಎಂತ ನೋಡುದು ಕಂಬದ ಹಾಗೆ? ಆಚೆ ಬದಿ ಹಿಡಿ!”

ತುಳುವಿನ ಒಂದಕ್ಷರ ಬಾರದವರು ಒಂದೇ ನೆಗೆತಕ್ಕೆ ಅಂಗಳದಲ್ಲಿದ್ದರು. ಹಿಡಿದರು. ಆದರೆ ಅವರು ಎತ್ತಿದ್ದು ಅವರ ಎತ್ತರಕ್ಕೆ, ಅಮ್ಮ ಎತ್ತಿದ್ದು ತನ್ನ ಎತ್ತರಕ್ಕೆ. ಭತ್ತವೆಲ್ಲ ಜರ್ರನೆ ಜಾರಿ ಅಮ್ಮನ ಕಾಲಬುಡದಲ್ಲಿ ರಾಶಿ ಬಿತ್ತು.

“ಮಂಗ! ತೆಂಗಿನಮರದ ಹಾಗೆ ಬೆಳೆದರೆ ಸಾಕಾ? ಬಗ್ಗು!”

ಅದು ನನಗೆಂದೇ ಇಟ್ಟುಕೊಂಡಿದ್ದ ಬೈಗುಳ, ತೆಂಗಿನಮರ ಒಂದನ್ನು ಬಿಟ್ಟು. ನಾನು ಐದಡಿ ದಾಟಲು ಕಷ್ಟಪಟ್ಟವನು. ಬೈದ ಮೇಲೆ ಅಮ್ಮನಿಗೆ ತಾನು ಬೈದದ್ದು ಯಾರಿಗೆಂದು ಹೊಳೆಯಿತು. ಮಳೆಯಲ್ಲಿ ಹಾಗೇ ನಿಂತುಬಿಟ್ಟಳು. ಅವರು ನನ್ನ ಕಡೆ ನೋಡಿದರು. ಏನಂದರು ಎಂದು ಕಣ್ಣಲ್ಲೇ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ತೆಂಗಿನಮರವನ್ನೂ ಬಿಡದೆ. ಅವರ ಮುಖ ಅರಳಿದ್ದನ್ನು ನಾನು ಇನ್ನೂ ನೋಡಬಲ್ಲೆ... ಮಂಡಿಯೂರಿ ಕೂತು ಎರಡೂ ಕೈಯಿಂದ ಭತ್ತ ಬಾಚತೊಡಗಿದರು, ನಗುತ್ತಾ, ಒದ್ದೆಯಾಗುತ್ತಾ. ಅಮ್ಮ ಬುಟ್ಟಿಯನ್ನು ಅವರ ಮುಂದೆ ಕುಕ್ಕಿ “ಬೇಗ” ಎಂದಳು.

ಅಲ್ಲಿಯ ತನಕ ನಮಗೆಲ್ಲ ‘ಅವರು’ ಆಗಿದ್ದವರು ಆ ಸಂಜೆಯಿಂದ ‘ಅವನು’.

ಅಮ್ಮ ಬೈದ ಸುದ್ದಿ ದೀಪ ಹಚ್ಚುವ ಮೊದಲೇ ಅಂಗಡಿ ತಲುಪಿತು. ತಲುಪಿಸಿದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಮರುದಿನ ಅವನು ಕೆಲಸದ ಜಾಗಕ್ಕೆ ಹೋಗಿ ಕೈ ಚಾಚಿ “ಕೊಡಿ” ಎಂದಾಗ ಮೇಸ್ತ್ರಿ ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಕಲ್ಲನ್ನು ಅವನ ಕೈಗೆ ಇಟ್ಟ. “ಬೈಸಿಕೊಂಡ ಮೇಲೆ ಇನ್ನೆಂತ ಅತಿಥಿ,” ಎಂದ.

ಉಳಿದದ್ದು ಒಂದು ವಾರವೋ ಏನೋ. ಅಂಗೈ ಸುಲಿಯಿತು, ಬೆನ್ನು ಬಿಸಿಲಿಗೆ ಕೆಂಪಾಯಿತು, ಅಮ್ಮ ರಾತ್ರಿ ಎಣ್ಣೆ ಹಚ್ಚುತ್ತಾ ಮತ್ತೆ ಬೈದಳು. ಹಿಂದಿನ ಗೋಡೆ ಅವನ ಸೊಂಟದೆತ್ತರಕ್ಕೆ, ಅಂದರೆ ನನ್ನ ಎದೆಯೆತ್ತರಕ್ಕೆ ಬಂತು. ಉಳಿದದ್ದನ್ನು ನಾವು ಮಳೆಗಾಲ ಮುಗಿದ ಮೇಲೆ ಕಟ್ಟಿಕೊಂಡೆವು.

ಹೊರಡುವ ಹಿಂದಿನ ಸಂಜೆ ಪ್ರಾರ್ಥನಾಲಯದ ಅಂಗಳದಲ್ಲಿ ಸಣ್ಣ ಕೂಟ. ಮಸೀದಿಗೆ ಹೋಗುವ ಕಾಕನೂ ಬಂದಿದ್ದರು. ನಾನು ಎಂದಿನಂತೆ ಒಬ್ಬೊಬ್ಬರನ್ನೇ ಆಡಿ ಮುಗಿಸಿದೆ. ಚಪ್ಪಾಳೆ ನಿಂತಾಗ ಹಿಂದಿನಿಂದ ಒಂದು ಸ್ವರ.

“ಕೊಡಿ. ನನಗೆ ಕೊಡಿ.”

ಅವನು ಎದ್ದು ನಿಂತಿದ್ದ. ಕೈಗಳು ಮುಂದೆ, ಕತ್ತು ಬಗ್ಗಿ. ನಾನು ಅಯ್ಯನವರನ್ನು ನೋಡಿದೆ. ಅಯ್ಯನವರು ಅಮ್ಮನನ್ನು ನೋಡಿದರು. ಅಮ್ಮ, “ಮಾಡು ಮಗಾ, ಪಾಪ, ಕೇಳುತ್ತಾನಲ್ಲ,” ಎಂದಳು.

ಮಾಡಿದೆ. ಬಾಗಿಲಿಗೆ ಹಣೆ ಬಡಿಸಿಕೊಂಡೆ, ಕುರ್ಚಿಯಿಂದ ಕಚ್ಚಿಸಿಕೊಂಡೆ, ಬೊಂಡ ಹಿಡಿದು ಕಲ್ಲಿನ ಕಡೆ ಆಸೆಯಿಂದ ನೋಡಿದೆ, ಭತ್ತ ಸುರಿದೆ. ನನ್ನ ಅಷ್ಟು ಚಿಕ್ಕ ದೇಹದಲ್ಲಿ ಅವನು ಹೇಗೆ ಹಿಡಿಸಿದನೋ, ಗೊತ್ತಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಅವನಂತೂ ಕಣ್ಣೊರೆಸಿಕೊಳ್ಳುತ್ತಿದ್ದ. ಆಮೇಲೆ ಅಯ್ಯನವರು ಎರಡು ಮಾತು ಹೇಳೆಂದಾಗ ಹೆಚ್ಚೇನೂ ಹೇಳಲಿಲ್ಲ. ನಾನೇ ಅನುವಾದಿಸಿದೆ. ಊರಿಗೆ ಹೋಗಿ ಹೇಳುವುದು ಇಷ್ಟೇ ಅಂತೆ: ನಾನು ಸೇವೆ ಮಾಡಲು ಹೋಗಿದ್ದೆ, ಕುರ್ಚಿಯಲ್ಲಿ ಕೂರಲು ಕಲಿತೆ, ಅದು ಕಷ್ಟದ ಕೆಲಸ. ಆಮೇಲೆ ಬೈಸಿಕೊಳ್ಳಲು ಕಲಿತೆ, ಅದು ಸುಲಭ.

ಬೆಳಿಗ್ಗೆ ಬಸ್ಸಿಗೆ ಮೊದಲು ಆ ಕುರ್ಚಿಯನ್ನು ತಾನೇ ಮಡಚಿ, ಹೆಗಲಿಗೇರಿಸಿ ಕಾಕನ ಅಂಗಡಿಗೆ ಮುಟ್ಟಿಸಿದ. ಈ ಸಲ ಅದು ಕಚ್ಚಲಿಲ್ಲ.

ಕೆಲವು ಕ್ರಿಸ್ಮಸ್‌ಗಳಿಗೆ ಕಾರ್ಡು ಬಂತು. ಆಮೇಲೆ ಬರಲಿಲ್ಲ. ಹೋದ ವರ್ಷ, ಅಂದು ಮಣಿಪಾಲಕ್ಕೆ ಹೋಗಿದ್ದ ಆ ಹುಡುಗಿ, ಈಗ ದೊಡ್ಡ ಡಾಕ್ಟರು, ಕೆಲವು ದಿನಕ್ಕೆಂದು ಬಂದಿದ್ದರು. ಉಡುಪಿಯಲ್ಲಿ ಆರಾಧನೆ ಮುಗಿದ ಮೇಲೆ ನಾನು ಇನ್ನಂಜೆಯವನೆಂದು ತಿಳಿದು ಹೇಳಿದರು. ಅವನು ತೀರಿಹೋಗಿ ಬಹಳ ಕಾಲವಾಗಿತ್ತು. ಕಾಯಿಲೆ. ಮೂವತ್ತೂ ತುಂಬಿರಲಿಲ್ಲ.

ಮನೆಗೆ ಹೋಗಿ ಅಮ್ಮನಿಗೆ ತಿಳಿಸಿದೆ. ಅವಳು ಅಂಗಳದ ಕಡೆ ನೋಡಿದಳು. “ನಾನು ಅವನಿಗೆ ಮಂಗ ಅಂದೆ ಅಲ್ವಾ,” ಎಂದಳು. ಹೌದು ಎಂದೆ. “ಒಮ್ಮೆ ಮಾಡು ನೋಡುವ,” ಎಂದಳು. ಎದ್ದು ನಿಂತು ಕೈ ಚಾಚಿದೆ, ಕತ್ತು ಬಗ್ಗಿಸಿದೆ. ಅಮ್ಮ ನಕ್ಕಳು, ಆಮೇಲೆ ಸೆರಗು ಮುಖಕ್ಕೆ ಹಿಡಿದು ಒಳಗೆ ಹೋದಳು. ಅಯ್ಯನವರು ಎಂದೋ ವರ್ಗವಾಗಿ ಹೋದರು, ಕಾಕ ಇಲ್ಲ, ಮೇಸ್ತ್ರಿಯೂ ಇಲ್ಲ. ಅವನನ್ನು ಆಡಿದರೆ ಗುರುತು ಹಿಡಿದು ನಗುವವರು ಇನ್ನು ಅಮ್ಮ ಒಬ್ಬಳೇ ಎಂದುಕೊಂಡಿದ್ದೆ...

ಕಳೆದ ವಾರದ ಆ ವಾರ್ಷಿಕೋತ್ಸವದ ರಾತ್ರಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೇಷ್ಟ್ರುಗಳನ್ನು ಆಡಿ ತೋರಿಸಿದ. ಹೆಡ್‌ಮಾಸ್ಟರರ ಹೆಬ್ಬೆರಳೂ ಬಂತು, ನನಗಿಂತ ಚೆನ್ನಾಗಿಯೇ. ಕೊನೆಗೆ ನನ್ನ ಸರದಿ. ಹೋಂವರ್ಕ್ ಪುಸ್ತಕ ಕೇಳುವ ನಾನು. ಅವನು ಎರಡೂ ಅಂಗೈ ಮುಂದೆ ಚಾಚಿದ, ಕತ್ತು ಬಗ್ಗಿಸಿದ, “ಕೊಡಿ, ನನಗೆ ಕೊಡಿ” ಎಂದ. ಸಭೆಯೆಲ್ಲ ನನ್ನ ಕಡೆ ತಿರುಗಿ ನಕ್ಕಿತು. ನಾನೂ ನಕ್ಕೆ. ಐದಡಿಯ ಮನುಷ್ಯ ಮಕ್ಕಳೆದುರು ಯಾಕೆ ಹಾಗೆ ಕತ್ತು ಬಗ್ಗಿಸುತ್ತಾನೆ ಎಂದು ಆ ಮಕ್ಕಳು ಎಷ್ಟು ವರ್ಷದಿಂದ ನಗುತ್ತಿದ್ದರೋ. ಹಾಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಪರದೆಯ ಹಿಂದೆ ಹೋದೆ. ಹುಡುಗ ಹೆದರಿ ನಿಂತ. ಅವನ ಬೆನ್ನು ತಟ್ಟಿ, “ಲಾಯ್ಕ ಆಯ್ತು ಮಾರಾಯ. ಕತ್ತು ಮಾತ್ರ ಇನ್ನೂ ಸ್ವಲ್ಪ ಬಗ್ಗಬೇಕಿತ್ತು, ಅವನು ಭಾರೀ ಉದ್ದ,” ಎಂದೆ.

“ಯಾರು ಸಾರ್?” ಎಂದ ಹುಡುಗ.