ಮೇಷ್ಟ್ರು ಕೂಡಿಸಿದ ಒಂದು ಎಣಿಕೆ

ನಮ್ಮ ಪಿಟೀಲು ಮೇಷ್ಟ್ರ ಎಡಗೈ ಬೆರಳ ತುದಿಗಳಲ್ಲಿ ತಂತಿ ಕೊರೆದ ಗೆರೆಗಳಿದ್ದವು. ಬಲಗೈಯಲ್ಲಿ ಅವರದೇ ತೋಟದ ತೆಂಗಿನ ನಾರಿನ ಕಪ್ಪು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಆ ಕಪ್ಪು ಹೋಗುತ್ತಿರಲಿಲ್ಲ. ಕಚೇರಿಗೆ ಕೂತಾಗ ಬಿಳಿ ಜುಬ್ಬದ ತೋಳಿನಿಂದ ಇಣುಕಿ ನೋಡುತ್ತಿತ್ತು. ತಿಪಟೂರಿನಲ್ಲಿ ಅವರ ಪಿಟೀಲಿಗಿಂತ ಕಿವಿಗೇ ಹೆಸರು ಹೆಚ್ಚು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಒಳಗೇ ಕೊಬ್ಬರಿಯಾಗಿದೆಯೋ ಇಲ್ಲವೋ ತಿಳಿಯಲು ತೋಟದವರು ಅವರನ್ನು ಮನೆಗೆ ಕರೆಯುತ್ತಿದ್ದರು. ಇವರು ಅಟ್ಟ ಹತ್ತಿ, ಒಂದೊಂದು ಮೂಲೆಯಿಂದ ಒಂದೊಂದು ಕಾಯಿ ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಇನ್ನೂ ನೀರಿದೆ ಎಂದರೆ ಮುಗಿಯಿತು. ಆಮೇಲೆ ಯಾರೂ ಎದುರಾಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುರುವೇಕೆರೆಯಿಂದ ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಟೀಚರಾಗಿ ಹೋದೆ. ಸಂಜೆ ಮಾಡಲು ಬೇರೇನೂ ಕೆಲಸವಿಲ್ಲದ್ದರಿಂದ ಪಿಟೀಲಿಗೆ ಸೇರಿದೆ. ಇಪ್ಪತ್ಮೂರು ವರ್ಷದ ಬೆರಳು ಬಗ್ಗಬೇಕಲ್ಲ! ನಾನು ಕಮಾನು ಎಳೆದರೆ ಪಕ್ಕದ ಮನೆಯ ಎಮ್ಮೆ ಎದ್ದು ನಿಲ್ಲುತ್ತಿತ್ತು. ಮೇಷ್ಟ್ರು ಬೈದವರಲ್ಲ. "ಹಸಿಕಾಯಿ ಕಣಮ್ಮ ನೀನು, ಒಳಗೆ ಇನ್ನೂ ನೀರೈತೆ" ಎಂದು ಅದೇ ಪಾಠವನ್ನು ಮತ್ತೆ ಶುರು ಮಾಡಿಸುತ್ತಿದ್ದರು.

ತಾಳ ಹಾಕುವಾಗ ಅವರ ಬಾಯಲ್ಲಿ "ಒಂದು" ಎಂಬುದೇ ಬರುತ್ತಿರಲಿಲ್ಲ. ಕಾಯಿ ಎಣಿಸುವವರು ಮೊದಲ ಕಾಯಿಗೆ "ಲಾಭ" ಅನ್ನುತ್ತಾರಲ್ಲ, ಹಾಗೇ ಇವರು ಆದಿತಾಳವನ್ನೂ "ಲಾಭ, ಎರಡು, ಮೂರು" ಎಂದೇ ಎಣಿಸುತ್ತಿದ್ದರು. ಮೈಸೂರಿನಲ್ಲಿ ಕಲಿಯುವಾಗ ಇದಕ್ಕಾಗಿ ಗುರುಗಳು ಎಲ್ಲರೆದುರು ನಕ್ಕರಂತೆ. ಬೇರೆಲ್ಲ ಹಳ್ಳಿತನವನ್ನು ಅಲ್ಲೇ ಬಿಟ್ಟು ಬಂದರಂತೆ. ಲಾಭ ಮಾತ್ರ ಬಿಡಲಾಗಲಿಲ್ಲವಂತೆ.

ಅವರಿಗೊಂದು ರೇಡಿಯೋ ಹುಚ್ಚಿತ್ತು. ಪಾಠ ಮುಗಿದ ಮೇಲೆ ಮುಳ್ಳು ತಿರುಗಿಸುತ್ತ ದೇಶದೇಶ ಸುತ್ತುವರು. ಒಂದು ಸಂಜೆ ಬಲ್ಗೇರಿಯಾದ ಕೇಂದ್ರ ಸಿಕ್ಕಿತು. ತೀರಿಕೊಂಡಿದ್ದ ಅಲ್ಲಿಯ ಒಬ್ಬ ದೊಡ್ಡ ಸಂಗೀತಗಾರನ ಬಗ್ಗೆ ಇಂಗ್ಲಿಷಿನಲ್ಲಿ ಮಾತು ನಡೆದಿತ್ತು. ಏನಂತೆ, ಏನಂತೆ ಎಂದು ಮೇಷ್ಟ್ರು ನನ್ನ ಪ್ರಾಣ ತಿಂದರು. ಗೊರಗೊರ ಸದ್ದಿನ ನಡುವೆ ನನಗೆ ಕೇಳಿಸಿದ್ದನ್ನು ಹೇಳುತ್ತ ಹೋದೆ. ಆತ ಹಳ್ಳಿಯಲ್ಲಿ ಹುಟ್ಟಿದವನು. ಪಟ್ಟಣದಲ್ಲಿ ದೊಡ್ಡ ವಿದ್ಯೆ ಕಲಿತು, ಮತ್ತೆ ಹಳ್ಳಿಗಳಿಗೇ ಹೋಗಿ, ಗೋಧಿ ಕೊಯ್ಯುವ ಹೆಂಗಸರ ಬದಿಯಲ್ಲಿ ಕೂತು ಅವರ ಹಾಡುಗಳನ್ನು ಬರೆದುಕೊಂಡ. ಈ ಹಾಡುಗಳ ನಡೆ ಕುಂಟುತ್ತದೆ, ಸರಿಮಾಡು ಎಂದು ಪಟ್ಟಣದ ಪಂಡಿತರು ಹೇಳಿದರು. ಆತ ಒಂದು ಎಣಿಕೆಯನ್ನೂ ತಿದ್ದಲಿಲ್ಲ. ಆ ಕುಂಟು ನಡೆಯನ್ನು ಹಾಗೇ ದೊಡ್ಡ ವಾದ್ಯಗೋಷ್ಠಿಗೆ ಕೂರಿಸಿದ. ಈಗ ಆ ದೇಶದ ಮಕ್ಕಳು ಅದನ್ನು ಶಾಲೆಯಲ್ಲಿ ಕಲಿಯುತ್ತಾರೆ.

ಮಾತು ಮುಗಿದು ಆತನ ಒಂದು ರಚನೆ ಬಂತು. ಪಿಟೀಲುಗಳೆಲ್ಲ ಒಟ್ಟಿಗೆ ಎದ್ದವು. ಮೇಷ್ಟ್ರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು: ಲಾಭ, ಎರಡು; ಲಾಭ, ಎರಡು; ಲಾಭ, ಎರಡು, ಮೂರು. ಏಳು ಎಣಿಕೆ. ಸ್ವಲ್ಪ ಹೊತ್ತಿಗೆ ಕೈ ನಿಂತುಹೋಯಿತು. ರೇಡಿಯೋ ಆರಿಸಿ, ನನ್ನ ಕಡೆ ನೋಡದೆ, "ಇದು ನಮ್ಮವ್ವನ ನಡೆ ಕಣಮ್ಮ" ಎಂದರು.

ಆ ಕಥೆಯನ್ನು ಅವರು ಆವತ್ತೇ ಹೇಳಿದರು. ಅವರ ಹುಟ್ಟೂರು ಹಾಲ್ಕುರಿಕೆಯ ಮನೆಯಲ್ಲಿ ಅವರ ಅವ್ವ ರಾಗಿ ಬೀಸುವಾಗ ಹಾಡುತ್ತಿದ್ದ ಒಂದು ಪದವಿತ್ತು. ತವರಿನ ದಾರಿ ಯಾವುದೆಂದು ಬೀಸುಕಲ್ಲನ್ನೇ ಕೇಳುವ ಪದ. ಮೈಸೂರಿನಿಂದ ಹೊಸದಾಗಿ ಬಂದ ಮಗನಿಗೆ, ಅವ್ವ ಪ್ರತಿ ಸಾಲಿನ ಕೊನೆಗೆ ಒಂದು ಎಣಿಕೆ ನುಂಗುತ್ತಾಳೆ ಅನ್ನಿಸಿತು. ಏಳರ ತಾಳ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವರು ಕಲಿತದ್ದರಲ್ಲಿ ಮೂರೆಣಿಕೆಯ ತುಂಡು ಮೊದಲು ಬರುತ್ತಿತ್ತು, ಅವ್ವನದರಲ್ಲಿ ಕೊನೆಗೆ. ಅದೂ ಅಲ್ಲದೆ, ಬೀಸುಕಲ್ಲಿಗೆ ತಾಳಜ್ಞಾನ ಇರಬಹುದೆಂದು ಯಾರು ಎಣಿಸುತ್ತಾರೆ? ಕೊನೆಯ ಮೂರನ್ನು ನಾಲ್ಕಕ್ಕೆ ಎಳೆದು, ಎಂಟು ಮಾಡಿ, ಆದಿತಾಳಕ್ಕೆ ಕೂರಿಸಿ, ಊರಿನ ಶಾಲೆಯ ವಾರ್ಷಿಕೋತ್ಸವದಲ್ಲಿ ನುಡಿಸಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವ ಮನೆಗೆ ಬಂದ ಮೇಲೆ ಕೇಳಿದ್ದು ಒಂದೇ ಮಾತು.

"ಯಾಕ್ಲಾ ಮಗ, ಸಾಲ್ ಸಾಲಿಗೂ ನಿಂತ್ಕತೀಯ? ಕಲ್ಲು ನಿಲ್ಲಾಕಿಲ್ಲ ಕಣ್ಲಾ."

ಮಗ ನಕ್ಕು, ನಿಂಗೆ ಗೊತ್ತಾಗಲ್ಲ ಬುಡವ್ವ ಎಂದುಬಿಟ್ಟ. ಅಂದಿನಿಂದ ಅವ್ವ ಮಗನೆದುರು ಹಾಡಲಿಲ್ಲ. ಮಗ ಒಳಗೆ ಬಂದರೆ ಕಲ್ಲಿನ ಸದ್ದು ಮಾತ್ರ ಇರುತ್ತಿತ್ತು. ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂದು ಅದೂ ನಿಂತಿತು. ಇದಾಗಿ ಇಪ್ಪತ್ತೈದು ವರ್ಷ ಕಳೆದಿತ್ತು, ಅವ್ವನಿಗೆ ಎಂಬತ್ತು ಹತ್ತಿರವಾಗಿತ್ತು. ಅವಳು ಕಣ್ಣು ಮುಚ್ಚುವ ಮೊದಲು ಆ ಪದವನ್ನು ಅವಳ ಬಾಯಿಂದಲೇ ಮತ್ತೊಮ್ಮೆ ಕೇಳಬೇಕು. ರೇಡಿಯೋ ಕೇಳಿದ ಆ ಸಂಜೆಯಿಂದ ಮೇಷ್ಟ್ರಿಗೆ ಬೇರೆ ಆಸೆಯೇ ಉಳಿಯಲಿಲ್ಲ.

ಆ ಭಾನುವಾರವೇ ಹಾಲ್ಕುರಿಕೆಗೆ ಹೊರಟರು. ಒಬ್ಬರೇ ಹೋಗಲು ಅಂಜಿಕೆಯಾಗಿ ನನ್ನನ್ನೂ ಕರೆದರು. ಅವ್ವ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮೇಷ್ಟ್ರು ಅದೂ ಇದೂ ಮಾತಾಡಿ, ಕೊನೆಗೆ ಪದದ ಸುದ್ದಿ ಎತ್ತಿದರು. ಅದೆಲ್ಲ ಮರೆತುಹೋಯಿತು, ಮಿಷನ್ನು ಬಂದ ಮೇಲೆ ಪದ ಯಾರಿಗೆ ಬೇಕು ಎಂದು ಅವ್ವ ಬೀಜ ಬಿಡಿಸುವುದನ್ನು ಮುಂದುವರಿಸಿದರು. ಮೇಷ್ಟ್ರು ಮತ್ತೆ ಕೇಳಲಿಲ್ಲ. ಪಿಟೀಲು ತೆಗೆದು ಎದುರಿಗೇ ಕೂತು ನುಡಿಸಿದರು. ಈ ಸಲ ಏಳೇ. ಸಾಲಿನ ಕೊನೆಗೆ ನಿಲ್ಲದೆ ಮುಂದಿನ ಸಾಲಿಗೆ ಇಳಿದರು. ಎರಡು ಸುತ್ತು ಆಗುವಷ್ಟರಲ್ಲಿ ಅವ್ವನ ಬಲಗೈ ಹುಣಸೆಹಣ್ಣು ಬಿಟ್ಟು, ಗಾಳಿಯಲ್ಲಿ ಇಲ್ಲದ ಕಲ್ಲಿನ ಗೂಟ ಹಿಡಿದು ತಿರುಗತೊಡಗಿತು.

"ಈಗ ತಿರುಗ್ತು ನೋಡ್ಲಾ" ಎಂದರು ಅವ್ವ.

ಆಮೇಲೆ ಹಾಡಿದರು. ಒಡೆದ ದನಿ, ಎರಡೇ ಸಾಲು. ಮೂರನೆಯದಕ್ಕೆ ಬಾಯಿ ತೆರೆದು ಹಾಗೇ ಉಳಿದರು. ಬರಲಿಲ್ಲ. ಹಿಂದೆ ಅದು ಹೊತ್ತಾರೆಯಿಂದ ಹಿಟ್ಟು ತುಂಬುವ ತನಕ ನಡೆಯುತ್ತಿದ್ದ ಪದವಂತೆ. ಮಗನಿಗೆ ನೆನಪಿದ್ದದ್ದು ಮಟ್ಟು ಮಾತ್ರ, ಮಾತಲ್ಲ. ಮೇಷ್ಟ್ರು ತಿಂಗಳಿಗೆರಡು ಸಲ ಹೋಗಿ ಕೂತರು, ಹಟ್ಟಿಯ ಮೂಲೆಗೆ ಬಿದ್ದಿದ್ದ ಬೀಸುಕಲ್ಲನ್ನು ತಂದು ಹೂಡಿದರು. ಏನು ಮಾಡಿದರೂ ಎರಡೇ ಸಾಲು. ವಾಪಸು ಬರುವಾಗ ಒಮ್ಮೆ ಬಸ್ಸಿನಲ್ಲಿ ನನಗೆ ಹೇಳಿದರು: "ಒಂದು ಕೂಡ್ಸಕೆ ಹೋಗಿ ಎಲ್ಲ ಕಳ್ಕಂಡೆ ಕಣಮ್ಮ."

ಆದರೆ ಅವರು ಸುಮ್ಮನೆ ಕೂರಲಿಲ್ಲ. ಕಾಯಿ ನೋಡಲು ಯಾರ ಮನೆಗೆ ಹೋದರೂ, ಅಟ್ಟ ಇಳಿದ ಮೇಲೆ ಆ ಮನೆಯ ಮುದುಕಿಯನ್ನು ಹುಡುಕಿ, ನಿಮಗೆ ಯಾವ ಪದ ಬರುತ್ತದೆ ತಾಯಿ ಎಂದು ಕೇಳುತ್ತಿದ್ದರು. ಚಿಕ್ಕನಾಯಕನಹಳ್ಳಿ ಕಡೆಯ ತನಕ ಹೋದರು. ಮೇಷ್ಟ್ರಿಗೆ ಅರಳುಮರಳು ಎಂದು ಜನ ಆಡಿಕೊಂಡರು. ಸ್ವರ ಅವರು ಬರೆದರು, ಮಾತನ್ನು ನಾನು ಬರೆದುಕೊಂಡೆ. ಮೂರು ದಪ್ಪ ನೋಟುಬುಕ್ಕು ತುಂಬಿದವು. ಮೊದಲ ಪುಟದಲ್ಲಿ ಅವ್ವನ ಎರಡು ಸಾಲು, ಕೆಳಗೆ ಪೂರ್ತಿ ಖಾಲಿ. ಬಲ್ಗೇರಿಯಾದವನ ಹೆಸರು ಅವರ ನಾಲಿಗೆಗೆ ಕೊನೆಗೂ ಹೊರಳಲಿಲ್ಲ. "ಅವನು" ಎಂದೇ ಹೇಳುತ್ತಿದ್ದರು, ಕಿಬ್ಬನಹಳ್ಳಿಯಲ್ಲಿರುವ ಷಡ್ಡಕನ ಮಾತೆತ್ತಿದ ಹಾಗೆ. ನಾನು ಬರೆಯುವಾಗ ಯಾವುದಾದರೂ ಮಾತನ್ನು ಚೆಂದ ಮಾಡಲು ಹೋದರೆ, ಅವನು ತಿದ್ದಲಿಲ್ಲ ಕಣಮ್ಮ, ನಾವೂ ತಿದ್ದೋದು ಬ್ಯಾಡ ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ, ತೋಟದಿಂದ ಬಂದು ಎದೆ ಹಿಡಿದುಕೊಂಡು ಕೂತ ಮೇಷ್ಟ್ರು ಮತ್ತೆ ಏಳಲಿಲ್ಲ. ಅವ್ವ ಇನ್ನೂ ಇದ್ದರು.

ತಿಥಿಯ ದಿನ ಹಾಲ್ಕುರಿಕೆಯ ಮನೆಯಲ್ಲಿ ಮನೆಯವರು ಅವರ ಪಿಟೀಲನ್ನು ನನ್ನ ಕೈಗೆ ಕೊಟ್ಟು ನುಡಿಸಲು ಹೇಳಿದರು. ನನಗೆ ಬೇರೆ ಯಾವುದೂ ತೋಚಲಿಲ್ಲ. ಆ ಎರಡು ಸಾಲು ಶುರು ಮಾಡಿದೆ. ಮೊದಲ ಸಾಲಿನ ಕೊನೆಗೆ ಬಂದೆ. ಕೊನೆಯ ಸ್ವರದಲ್ಲೇ ಕಮಾನು ಎಳೆಯುತ್ತ ಉಳಿದೆ, ಮುಂದಕ್ಕೆ ಬಿಡಲು ಮನಸ್ಸಾಗಲಿಲ್ಲ. ಗೋಡೆಗೊರಗಿ ಕೂತಿದ್ದ ಅವ್ವ ಕಣ್ಣು ತೆರೆದರು.

"ನಿಂತ್ಕಬ್ಯಾಡ ಕಣವ್ವ" ಎಂದರು. "ಕಲ್ಲು ನಿಲ್ಲಾಕಿಲ್ಲ."

ಅವರ ಕೈ ತಿರುಗುತ್ತಿತ್ತು. ಅದನ್ನೇ ನೋಡುತ್ತ ಎರಡನೆಯ ಸಾಲಿಗೆ ಇಳಿದೆ.