ಮೋಡವಿದ್ದ ದಿನ ಕೆಡದ ಮಷೀನು

ಬೆಳಗಿನ ಆರೂಮುಕ್ಕಾಲು. ಕಚೇರಿಯ ಎರಡನೇ ಮಹಡಿಗೆ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಜೆರಾಕ್ಸ್ ಮಷೀನಿನ ಎದುರು ಸ್ಟೂಲು ಹಾಕಿಕೊಂಡು ಅರವತ್ತೊಂದರ ಮೆಕ್ಯಾನಿಕ್ ಒಬ್ಬರು ಸುಮ್ಮನೆ ಕುಳಿತಿದ್ದಾರೆ. ಸ್ಕ್ರೂಡ್ರೈವರ್ ಚೀಲದಿಂದ ಹೊರಗೇ ಬಂದಿಲ್ಲ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗಂತೂ ಕಾಲು ಗಂಟೆಗೇ ಕಾಲು ಜೋಮು ಹಿಡಿದಿದೆ. ರಿಪೇರಿ ಯಾವಾಗ ಶುರು ಎಂದು ಕೇಳಿಯೇಬಿಡುತ್ತೇನೆ.

"ಇದೇ ಸ್ವಾಮಿ ರಿಪೇರಿ. ಪೂರ್ತಿ ಕೆಟ್ಟಿರೋದನ್ನ ಯಾರು ಬೇಕಾದ್ರೂ ಸರಿ ಮಾಡ್ತಾರೆ. ಒಂದ್ಸಲ ಕೆಟ್ಟು ಇನ್ನೊಂದ್ಸಲ ತಾನೇ ಸರಿ ಹೋಗುತ್ತಲ್ಲ, ಅದು ಕಳ್ಳ. ಕಾದೇ ಹಿಡೀಬೇಕು."

ಊರಿನ ಕಚೇರಿಗಳಲ್ಲಿ ಇವರಿಗೆ 'ಕೂರೋ ಮೇಸ್ತ್ರಿ' ಎಂದೇ ಹೆಸರು. ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ದಿನಕ್ಕೆ ಮೂರು ಕಚೇರಿ, ಹೆಚ್ಚೆಂದರೆ ನಾಲ್ಕು. ಮಷೀನು ಎಷ್ಟು ಹೊತ್ತಿಗೆ ನಿಂತಿತು, ಆಗ ಯಾವ ಬಾಗಿಲು ತೆರೆದಿತ್ತು, ಪಕ್ಕದಲ್ಲಿ ಯಾರಿದ್ದರು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅಂಥ ನಲವತ್ತೆರಡು ನೋಟ್‌ಬುಕ್ಕುಗಳು ಮನೆಯ ಮಂಚದ ಕೆಳಗಿವೆ. "ಮನೇಲಿ ಫ್ಯಾನು ಕೆಟ್ಟು ಮೂರು ತಿಂಗಳಾಯ್ತು. ಕೇಳಿದ್ರೆ, ಅದು ಯಾವಾಗ್ಲೂ ಕೆಟ್ಟೇ ಇರುತ್ತೆ, ಅದರಲ್ಲೇನಿದೆ ಸ್ವಾರಸ್ಯ ಅಂತಾರೆ" ಎಂದು ನಾನು ಮನೆಗೆ ಹೋಗಿದ್ದಾಗ ಅವರ ಹೆಂಡತಿ ನಗುತ್ತಲೇ ಚುಚ್ಚಿದ್ದರು.

ಇಂದಿನ ಕಳ್ಳನಿಂದ ಒಬ್ಬರ ಅನ್ನಕ್ಕೇ ಕುತ್ತು ಬಂದಿದೆ. ಈ ಮಷೀನು ನಡೆಸುವ ಹೆಣ್ಣುಮಗಳು ಏಳು ವರ್ಷದಿಂದ ಗುತ್ತಿಗೆಯ ಮೇಲಿದ್ದಾರೆ. ದಿನಾ ಏಳಕ್ಕೇ ಬಂದು, ಹತ್ತರೊಳಗೆ ಎರಡು ಸಾವಿರ ಹಾಳೆ ತೆಗೆಯಬೇಕು. ಮೂರು ವಾರದಿಂದ ಮಷೀನು ನಡುನಡುವೆ ನಿಂತು, ಸಿಕ್ಕಿಕೊಳ್ಳದ ಕಾಗದವನ್ನು ಸಿಕ್ಕಿಕೊಂಡಿದೆ ಎನ್ನುತ್ತದೆ. ಮೂವರು ಮೆಕ್ಯಾನಿಕ್‌ಗಳು ಬಂದರು. ಮೂವರೂ ಬಂದದ್ದು ಹನ್ನೊಂದಕ್ಕೆ. ಆಗ ಮಷೀನು ಹಾಲು ಕುಡಿದ ಮಗುವಿನಷ್ಟು ಸಾಧು! ಮೂವರೂ 'ಮಷೀನು ಸರಿಯಿದೆ, ನಡೆಸುವವರ ತಪ್ಪು' ಎಂದು ಬರೆದು ಹೋದರು. ಇಂದೂ ನಿಂತರೆ ನಾಳೆಯಿಂದ ಬರಬೇಡಿ ಎಂದು ಸಾಹೇಬರು ಮೆಮೊ ಕೊಟ್ಟಿದ್ದಾರೆ.

ಮೇಸ್ತ್ರಿ ನಿನ್ನೆ ಆಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾವತ್ತು ಕೆಡಲಿಲ್ಲಮ್ಮ?"

ಆಕೆ ಯೋಚಿಸಿ ಹೇಳಿದರಂತೆ: "ಎರಡೇ ದಿನ ಅಣ್ಣ. ಎರಡೂ ದಿನ ಮೋಡ ಕವಿದಿತ್ತು."

ಏಳು ಗಂಟೆಗೆ ಆಕೆ ಮಷೀನು ಶುರು ಮಾಡುತ್ತಾರೆ. ಸಾಹೇಬರೂ ಬಂದು ಕೈಕಟ್ಟಿ ನಿಂತಿದ್ದಾರೆ. ಹಾಳೆಗಳು ಒಂದರ ಹಿಂದೆ ಒಂದು ಸಲೀಸಾಗಿ ಬೀಳುತ್ತಿವೆ. ಏಳೂ ಹನ್ನೆರಡಕ್ಕೆ ಗಕ್ಕನೆ ನಿಲ್ಲುತ್ತದೆ. ಆಕೆ ತಿರುಗಿ ಸಾಹೇಬರ ಮುಖ ನೋಡುತ್ತಾರೆ.

ಮೇಸ್ತ್ರಿ ನಿಧಾನವಾಗಿ ಎದ್ದು, ಹಾಳೆ ಹೊರಬರುವ ಬಾಯಿಗೆ ಗೇಣು ದೂರದಲ್ಲಿ ಅಂಗೈ ಅಡ್ಡ ಹಿಡಿಯುತ್ತಾರೆ. "ಈಗ ಒತ್ತಮ್ಮ." ಮಷೀನು ಓಡುತ್ತದೆ. ಕೈ ತೆಗೆಯುತ್ತಾರೆ, ನಿಲ್ಲುತ್ತದೆ. ಮತ್ತೆ ಅಡ್ಡ ಹಿಡಿಯುತ್ತಾರೆ, ಓಡುತ್ತದೆ. ಅಬ್ಬಾ! ಆಗಲೇ ನನಗೆ ಕಂಡದ್ದು, ಕಿಟಕಿಯಿಂದ ನೇರವಾಗಿ ಆ ಬಾಯೊಳಗೆ ಬೀಳುತ್ತಿರುವ ಎಳೆಬಿಸಿಲು.

"ಕಾಗದ ಹೋಯ್ತೋ ಇಲ್ವೋ ಅಂತ ನೋಡೋಕೆ ಒಳಗೊಂದು ಕಣ್ಣಿದೆ ಸಾರ್. ಬೆಳಕು ಕುಕ್ಕಿದ್ರೆ ಅದಕ್ಕೆ ಗೊತ್ತಾಗಲ್ಲ. ಕಿಟಕಿಗೆ ಪರದೆ ಇರಲಿಲ್ವಾ?"

ಸಾಹೇಬರು ಕಟ್ಟಿದ್ದ ಕೈ ಕೆಳಗಿಳಿಸುತ್ತಾರೆ. "ಒಗೆಯೋಕೆ ಹಾಕಿದ್ವಿ. ಮೂರು ವಾರ ಆಯ್ತು. ತೆಗೆಸಿದ್ದು ನಾನೇ." ಮೆಮೊ ಹರಿದು ಕಸದ ಬುಟ್ಟಿ ಸೇರುತ್ತದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕಿಟಕಿಗೆ ರಟ್ಟೊಂದನ್ನು ಅಡ್ಡವಿಟ್ಟು, ಉಳಿದ ಹಾಳೆಗಳನ್ನು ತೆಗೆಯಲು ನಿಲ್ಲುತ್ತಾರೆ. ಒಂದು ಸ್ಕ್ರೂವನ್ನೂ ಬಿಚ್ಚದೆ ಒಬ್ಬರ ಬದುಕನ್ನು ಸರಿಮಾಡಿದ ಈ ಮನುಷ್ಯನಿಗೆ ಕೈಮುಗಿಯಬೇಕೆನಿಸುತ್ತದೆ.

ಮೆಟ್ಟಿಲಿಳಿಯುವಾಗ ಅದನ್ನೇ ಹೇಳಿದರೆ ಅವರು ತಲೆ ಅಲ್ಲಾಡಿಸುತ್ತಾರೆ. "ಬೇಡ ಸ್ವಾಮಿ. ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಹನ್ನೊಂದು ಗಂಟೆಗೆ ಹೋಗಿ, 'ನಡೆಸುವವರ ತಪ್ಪು' ಅಂತ ಅದೇ ಸಾಲು ಬರೆದು ಬಂದಿದ್ದೆ. ಒಬ್ಬ ಹುಡುಗಿ ಕೆಲಸ ಹೋಯ್ತು. ತಿಂಗಳಾದ್ಮೇಲೆ ಗೊತ್ತಾಯ್ತು, ಲಿಫ್ಟು ಮೇಲೆ ಹೋದಾಗೆಲ್ಲ ಕರೆಂಟು ಕುಸಿದು ಮಷೀನು ನಿಲ್ತಿತ್ತು. ಅವತ್ತಿಂದ ಕೂರೋದು ಕಲಿತೆ." ಆ ಸಾಲನ್ನು ಅವರು ಮತ್ತೆಂದೂ ಬರೆದಿಲ್ಲ.

ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಅವರು ಸ್ಕೂಟರಿಗೆ ಚೀಲ ಸಿಕ್ಕಿಸುತ್ತಾರೆ.

"ಆ ಹುಡುಗಿ ಎಲ್ಲಾದ್ರೂ ಸಿಗಬೇಕು. ನೀನು ಹೇಳಿದ್ದು ನಿಜ ಕಣಮ್ಮ, ಮಷೀನು ನಿಲ್ತಾ ಇತ್ತು ಅಂತ ಹೇಳಬೇಕು."