ಪಾಸಿಂಗ್ ಪ್ಯಾಕೇಜಿಗೆ ಸೇರಿದ ಹುಡುಗಿ

ಹನುಮಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಮೂರು ಎಕ್ಸ್‌ಗೆ ನಾಲ್ಕು ಕೂಡಿಸಿ ಎಂದರೆ ಮಕ್ಕಳು ಏಳು ಎಕ್ಸ್ ಎಂದು ಬರೆದು ನಿಶ್ಚಿಂತೆಯಿಂದ ಕೂರುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ, ಆದರೂ ಈ ತಪ್ಪಿಗೆ ಬರುವುದಿಲ್ಲ. ಕೂಡಿಸಿದರೆ ಒಂದೇ ಉತ್ತರ ಬರಬೇಕೆಂದು ಒಂದನೇ ಇಯತ್ತೆಯಿಂದ ಕಲಿಸಿದವರು ನಾವೇ ಅಲ್ಲವೇ?

ಒಂದು ವರ್ಷ ಹತ್ತನೇ ತರಗತಿಯಲ್ಲಿ ಟೇಲರ್ ಒಬ್ಬರ ಮಗಳಿದ್ದಳು. ಪಿಯುಸಿಗೆ ಸೈನ್ಸ್ ಓದುವ ಆಸೆ ಅವಳಿಗೆ. ಗಣಿತ ಛಲೋ ಮಾಡಿದರೆ ಕುಷ್ಟಗಿಯ ಕಾಲೇಜಿಗೆ ಕಳಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಇಲ್ಲವಾದರೆ ಮನೆಯಲ್ಲೇ ಹೊಲಿಗೆ.

ಒಂದು ದಿನ ಬೋರ್ಡಿನ ಮೇಲೆ ಸಮೀಕರಣ ಬರೆದೆ: ಮೂರು ಎಕ್ಸ್‌ಗೆ ನಾಲ್ಕು ಕೂಡಿಸಿದರೆ ಇಪ್ಪತ್ತೈದು. ಪೆನ್ನು ಮುಟ್ಟದೆ ಅವಳು "ಏಳು" ಅಂದಳು. ಹೇಗೆ ಬಂತೆಂದು ಕೇಳಿದೆ.

"ಮೊದಲ ಸುಮ್ನ ಐದು ಹಿಡದೆನ್ರಿ. ಹತ್ತೊಂಬತ್ತು ಬಂತು, ಆರು ಕಮ್ಮಿ ಬಿತ್ತು. ಒಂದು ಏರಿಸಿದ್ರ ಮೂರು ಏರತೈತಲ್ರಿ, ಅದಕ್ಕ ಎರಡು ಏರಿಸಿದೆ."

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಎಕ್ಸ್ ಏರಿದ ಹಾಗೆ ಉಳಿದದ್ದು ಎಷ್ಟು ಏರುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೀಜಗಣಿತದ ಜೀವವೇ ಅದು. ಮನಸ್ಸಿನಲ್ಲಿ ಮಾಡಿದ್ದನ್ನೇ ಹಾಳೆಗಿಳಿಸು, ಆಮೇಲೆ ಪುಸ್ತಕದ ದಾರಿ ನೋಡೋಣ ಎಂದೆ. ನಿಧಾನಕ್ಕೆ ಬರತೊಡಗಿತ್ತು.

ಅಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂತು. ಪೇಪರು ತಿದ್ದಿದ್ದು ಬೇರೆ ಶಾಲೆಯವರು. ಬರೀ ಉತ್ತರ ಇದೆ, ಹಂತಗಳಿಲ್ಲವೆಂದು ಅವಳ ಪೇಪರಿನ ಉದ್ದಕ್ಕೂ ಸೊನ್ನೆ ಸುತ್ತಿದ್ದರು. ಅವಳು ಫೇಲು. ನಮ್ಮಲ್ಲಿ ಫೇಲಾದವರೆಲ್ಲ ಪಾಸಿಂಗ್ ಪ್ಯಾಕೇಜಿಗೆ ಸೇರಬೇಕು. ಒಂದು ನಕ್ಷೆ, ಒಂದು ಸ್ಪರ್ಶಕ, ಒಂದು ಪ್ರಮೇಯ ಎಂದು ಗ್ಯಾರಂಟಿ ಬರುವ ಪ್ರಶ್ನೆಗಳನ್ನಷ್ಟೇ ಬೆಳಿಗ್ಗೆ ಸಂಜೆ ಬರೆದು ಬರೆದು ಬಾಯಿಪಾಠ ಮಾಡಬೇಕು. ಸಮೀಕರಣದ ತಂಟೆಯೇ ಇಲ್ಲ. ನಡೆಸುವವರು ಹೆಡ್‌ಮಾಸ್ತರರು. ಅವರೂ ಗಣಿತದವರೇ.

"ಸರ್, ಈ ಹುಡುಗಿ ವಿಚಾರ ಮಾಡತಾಳ್ರಿ. ನನಗ ಬಿಡ್ರಿ," ಎಂದು ಜಗಳಕ್ಕೇ ನಿಂತೆ.

"ವಿಚಾರಕ್ಕ ಯಾರು ಮಾರ್ಕ್ಸ್ ಕೊಡ್ತಾರ್ರಿ ಮೇಡಂ? ರಿಸಲ್ಟ್ ಬಿದ್ರ ನೋಟಿಸು ನನಗ ಬರತೈತಿ," ಅಂದರು. ಕೆಟ್ಟ ಮನುಷ್ಯರಲ್ಲ. ಸಂಜೆ ಆ ಮಕ್ಕಳಿಗೆ ತಮ್ಮ ಕೈಯಿಂದಲೇ ದುಡ್ಡು ಹಾಕಿ ಮಂಡಕ್ಕಿ ತರಿಸಿ ಕೊಡುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಅವಳಿಗೊಂದು ಸುಲಭದ ಸಮೀಕರಣ ಕೊಟ್ಟೆ. ನೋಡಿ ವಾಪಸು ಕೊಟ್ಟಳು. "ಇದು ಪ್ಯಾಕೇಜಿನ್ಯಾಗ ಇಲ್ರಿ ಟೀಚರ್."

ಎಲ್ಲರೂ ಪಾಸಾದರು. ಹೆಡ್‌ಮಾಸ್ತರರು ಪೇಡೆ ಹಂಚಿದರು. ಅವಳಿಗೆ ಗಣಿತದಲ್ಲಿ ಪಾಸಾಗುವಷ್ಟೇ ಅಂಕ. ಟಿಸಿ ಒಯ್ಯಲು ಅಪ್ಪ ಅವಳನ್ನು ಕರೆದುಕೊಂಡು ಬಂದಿದ್ದರು.

"ಪಾಸಾಗ್ಯಾಳ, ಅಷ್ಟ ಸಾಕ್ರಿ ಟೀಚರ್. ಲೆಕ್ಕ ಬರಲಾರದಾಕಿನ್ನ ಸೈನ್ಸಿಗೆ ಹಾಕಿ ಯಾಕ ಅಳಸೋದು?"

"ಬರಂಗಿಲ್ಲಂತ ಯಾರು ಹೇಳಿದ್ರು? ಆಕಿ ತಲಿ ಹ್ಯಾಂಗ ಓಡತೈತಿ ನನಗ ಗೊತ್ತೈತ್ರಿ. ಕಳಸ್ರಿ."

ಅವರು ಮಗಳ ಮುಖ ನೋಡಿದರು. ಅವಳು ಹೂಂ ಎಂದಿದ್ದರೆ ಕಳಿಸುತ್ತಿದ್ದರು, ಅಂಥ ತಂದೆ ಅವರು.

"ಬ್ಯಾಡ್ರಿ ಟೀಚರ್," ಅಂದಳು. "ನನಗ ಗಣಿತ ಬರಂಗಿಲ್ಲ."